ಜಾರಲೊಪ್ಪದ ನಾಯಕಿ

ಬಾಯಿ ಮುಚ್ಚಿ ಕೂತಷ್ಟು ದಿನ ನನಗೆ ಏನೂ ಆಗುವುದಿಲ್ಲ. ಅಭಿಪ್ರಾಯ ಅಂತ ಒಂದು ಹೇಳಿದೆನೋ, ಹೀಗೇನಾದರೂ ಆಗಿಯೇ ಆಗುತ್ತದೆ.

ಪುತ್ತೂರಿನಲ್ಲಿ ಸಿನಿಮಾ

ಹೆಂಡತಿಯೊಂದಿಗೆ ಪುತ್ತೂರಿಗೆ ಸಿನಿಮಾಕ್ಕೆ ಹೋಗಿದ್ದೆ. ಇಂಟರ್ವಲ್ಲಿನೊಳಗೆ ನಾಯಕಿ ಹನ್ನೆರಡು ರೌಡಿಗಳನ್ನು ಕೆಡವಿ, ಬ್ರೇಕಿಲ್ಲದ ಬಸ್ಸು ನಿಲ್ಲಿಸಿ, ಅದೇ ಬಸ್ಸಿನಲ್ಲಿ ಒಂದು ಹೆರಿಗೆಯನ್ನೂ ಮಾಡಿಸಿದಳು. ಕೂದಲು ಕೆದರಲಿಲ್ಲ. ಆಮೇಲೆ ಅವಳನ್ನು ಬಾಂಬಿನ ಪಕ್ಕ ಕಟ್ಟಿಹಾಕಿದರು.

ಹೆಂಡತಿ ಬ್ಯಾಗು ಎತ್ತಿಕೊಂಡಳು. "ಏಳಿ, ಹೋಗುವ."

"ಬಾಂಬು?"

"ಅವಳಿದ್ದಾಳಲ್ಲ, ನೋಡಿಕೊಳ್ತಾಳೆ. ನಮ್ಮ ಸುಬ್ರಹ್ಮಣ್ಯದ ಬಸ್ಸು ತಪ್ಪಿದರೆ ಅವಳು ಬರುದಿಲ್ಲ."

ಭಾವನ ಕಥೆ

ಹೆಂಡತಿಯ ತಮ್ಮ ಐವರ್ನಾಡಿನಲ್ಲಿ ಕಿರುಚಿತ್ರ ಮಾಡಲು ಹೊರಟಿದ್ದ. ನಾನು ಅವನಿಗೆ ಭಾವ, ಅವನು ನನಗೂ ಭಾವ; ನಮ್ಮಲ್ಲಿ ಕರೆಯುವುದೇ ಹಾಗೆ. ಮರ ಹತ್ತಿ ಅಡಿಕೆ ಕೊಯ್ಯುವ ಹೆಂಗಸಿನ ಕಥೆ. ಅವನ ಮೊದಲ ಚಿತ್ರ.

"ನೋಡಿದವರಲ್ಲಿ ಒಬ್ಬ ಆಕಳಿಸಿದರೂ ಕ್ಯಾಮೆರಾ ಮಾರಿಬಿಡ್ತೇನೆ ಭಾವ" ಎಂದಿದ್ದ.

ಕಥೆ ಓದಿ ಹೇಳಿದೆ: "ಇವಳಿಗೆ ಎಲ್ಲವೂ ಬರುತ್ತದೆ, ಏನೂ ಆಗುವುದಿಲ್ಲ. ಮತ್ತೆ ನಾವು ಯಾಕೆ ಹೆದರುದು? ಒಮ್ಮೆ ಜಾರಲಿ."

ಅವನು ನನ್ನನ್ನೇ ನೋಡಿದ. "ನೀವು ಮಾತಾಡುದೇ ವರ್ಷಕ್ಕೊಮ್ಮೆ. ಅದೂ ಶೂಟಿಂಗಿನ ಹಿಂದಿನ ದಿನ!"

ಜಾರುವ ದೃಶ್ಯ

ನಾಯಕಿಯಾಗಿ ಬಂದವಳು ಕಡಬದ ಕಡೆಯವಳು. ಮರ ಹತ್ತುವುದೇ ಅವಳ ಕಸುಬು. ಭಾವ "ಆ್ಯಕ್ಷನ್" ಅನ್ನುವಷ್ಟರಲ್ಲಿ ತುದಿ ಮುಟ್ಟಿದ್ದಳು.

"ಅಕ್ಕಾ, ಈಗ ಸ್ವಲ್ಪ ಜಾರಿ!"

ಅವಳು ಮರವನ್ನು ಬಗ್ಗಿಸಿ ಪಕ್ಕದ ಮರಕ್ಕೆ ದಾಟಿ, ಅದರ ಗೊನೆಯನ್ನೂ ಕೊಯ್ದು ಇಳಿದಳು.

"ಇದೆಂತ ಅಕ್ಕ?"

"ನಾನು ಜಾರಿದೆ ಅಂತ ಗೊತ್ತಾದರೆ ನಾಳೆ ಕೆಲಸಕ್ಕೆ ಯಾರು ಕರೀತಾರೆ ಮಾರಾಯ್ರೆ? ಜಾರ್ಲಿಕ್ಕೆ ಬೇರೆ ಯಾರನ್ನಾದರೂ ನೋಡಿ. ಮತ್ತೆ, ಆಗ ನನ್ನ ಮುಖ ತೋರಿಸಬಾರದು."

ಎಲ್ಲರೂ ನನ್ನನ್ನು ನೋಡಿದರು.

ಡೂಪು

ಲೋಕದಲ್ಲಿ ಸಾಹಸಕ್ಕೆ ಡೂಪು ಹಾಕುತ್ತಾರೆ. ನನ್ನನ್ನು ಹಾಕಿದ್ದು ಸಾಹಸ ಬಾರದ್ದಕ್ಕೆ. ಪ್ಯಾಂಟಿನ ಮೇಲೆ ಸೀರೆ ಸುತ್ತಿ, ತಲೆಗೆ ಬೈರಾಸು ಟವೆಲು ಕಟ್ಟಿ, ಕ್ಯಾಮೆರಾಕ್ಕೆ ಬೆನ್ನು ಹಾಕಿಸಿ ಮರಕ್ಕೆ ಹತ್ತಿಸಿದರು. ನಾಲ್ಕಡಿ ಏರಿದ್ದೆ. "ಆ್ಯಕ್ಷನ್" ಅನ್ನುವ ಮೊದಲೇ ಕೆಳಗಿನ ಸೋಗೆ ರಾಶಿಯಲ್ಲಿದ್ದೆ. ಪುಣ್ಯಕ್ಕೆ ಕ್ಯಾಮೆರಾ ಓಡುತ್ತಿತ್ತು.

ಕಡಬದ ಅಕ್ಕ ಬಂದು ಬಗ್ಗಿ ನೋಡಿದಳು. "ಇವರಿಗೆ ಕಲಿಸಲಿಕ್ಕೇ ಇಲ್ಲ. ಹುಟ್ಟಿನಿಂದ ಬಂದದ್ದು."

ನರಿಮೊಗರಿನಲ್ಲಿ ಪ್ರದರ್ಶನ

ಚಿತ್ರವನ್ನು ಮೊದಲು ತೋರಿಸಿದ್ದು ನರಿಮೊಗರಿನಲ್ಲಿ. ಅಕ್ಕ ಸರಸರ ಹತ್ತುವಾಗ ಜನ ಸುಮ್ಮನೆ ಕೂತಿದ್ದರು. ಒಬ್ಬರ ಬಾಯಿ ತೆರೆಯತೊಡಗಿತು. ಭಾವ ನನ್ನ ಕೈ ಹಿಂಡಿದ. ಅಷ್ಟರಲ್ಲಿ ನಾನು ಜಾರಿದೆ. ಸಭೆಯಿಡೀ "ಅಯ್ಯೋ!" ಎಂದಿತು. ಆಕಳಿಕೆ ಅರ್ಧದಲ್ಲೇ ನಿಂತಿತು. ಕ್ಯಾಮೆರಾ ಉಳಿಯಿತು.

ಹೊರಗೆ ಬರುವಾಗ ಒಬ್ಬರು ಹಿರಿಯ ಕೃಷಿಕರು ಭಾವನ ಬೆನ್ನು ತಟ್ಟಿದರು. ಕಡಬದ ಅಕ್ಕ ಪಕ್ಕದಲ್ಲೇ ಇದ್ದಳು.

"ಲಾಯ್ಕಾಯ್ತು ಮಾರಾಯ. ಆದರೆ ನನಗೆ ಮೋಸ ಮಾಡ್ಲಿಕ್ಕೆ ಆಗುದಿಲ್ಲ. ಮರ ಹತ್ತುವಲ್ಲಿ ಯಾವನೋ ಗಂಡಸಿಗೆ ಸೀರೆ ಉಡಿಸಿದ್ದೀ, ಅಲ್ವಾ? ಜಾರಿದ್ದು ಮಾತ್ರ ಅಪ್ಪಟ ಹೆಂಗಸು!"