ಅತ್ತೆಯ ಊದುಗೊಳವೆ ಮತ್ತು ನನ್ನ ಟರ್ಬೊ ಕಾರು

ನಮ್ಮ ಸೋದರತ್ತೆಗೆ ಮನುಷ್ಯರ ಮಾತು ಅಷ್ಟಾಗಿ ಕೇಳಿಸುವುದಿಲ್ಲ. ಎಂಜಿನ್ನಿನ ಮಾತಾದರೆ ಮೂರು ಬೀದಿ ಆಚೆಯಿಂದಲೂ ಕೇಳಿಸುತ್ತದೆ! ಮಧುಗಿರಿಯ ಮನೆಯಲ್ಲಿ ಸಾರಿಗೆ ಒಗ್ಗರಣೆ ಹಾಕುತ್ತಲೇ, "ಆ ಆಟೋದೋನಿಗೆ ಹೇಳ್ಬುಡು, ಅವನ ಪ್ಲಗ್ಗು ಹೋಗೈತೆ" ಎನ್ನುತ್ತಾರೆ. ಆಟೊ ಇನ್ನೂ ತಿರುವಿನಲ್ಲಿ ಕಾಣಿಸಿಯೇ ಇರುವುದಿಲ್ಲ. ನೀವು ನಂಬುವುದಿಲ್ಲ, ಗೊತ್ತು. ನಾನೂ ನಂಬಿರಲಿಲ್ಲ.

ಐ.ಡಿ.ಹಳ್ಳಿಯ ಶಾಲೆಯಲ್ಲಿ ಟೀಚರಾಗಿದ್ದ ಅಷ್ಟೂ ವರ್ಷ ಅತ್ತೆ ಹೋಗಿಬಂದದ್ದು ತಮ್ಮ ಹಳೆಯ ಪೆಟ್ರೋಲ್ ಕಾರಿನಲ್ಲಿ. ಅದರ ಕಾರ್ಬುರೇಟರಿನ ತಿರುಪನ್ನು ಬೇರೆ ಯಾರೂ ಮುಟ್ಟುವಂತಿಲ್ಲ. ಭಾನುವಾರ ಬೆಳಿಗ್ಗೆ ಬಾನೆಟ್ ಎತ್ತಿ, ಒಲೆ ಊದುವ ಕಬ್ಬಿಣದ ಊದುಗೊಳವೆಯ ಒಂದು ತುದಿಯನ್ನು ಎಂಜಿನ್ನಿಗೆ, ಇನ್ನೊಂದನ್ನು ಕಿವಿಗೆ ಹಿಡಿದು ಕಣ್ಣು ಮುಚ್ಚಿ ನಿಲ್ಲುತ್ತಾರೆ. ತಿರುಪನ್ನು ಕೂದಲೆಳೆಯಷ್ಟು ತಿರುಗಿಸುತ್ತಾರೆ. ಮುಖದಲ್ಲಿ ನಗು ಬಂದರೆ ಟ್ಯೂನಿಂಗ್ ಮುಗಿಯಿತು ಎಂದರ್ಥ. ಅಲ್ಲಿಯತನಕ ತಿಂಡಿ ಏನಾಯಿತೆಂದು ಕೇಳುವ ಧೈರ್ಯ ಮಾವನಿಗೂ ಇಲ್ಲ!

ಒಮ್ಮೆ ಶಿರಾದ ಮದುವೆಗೆ ಹೊರಟಾಗ ನೆಂಟರ ಜೀಪು ಕುಂಟತೊಡಗಿತು. ಗ್ಯಾರೇಜಿನ ಸಾಬರು ಒಂದು ಗಂಟೆ ತಡಕಾಡಿದರು. ಬೆಂಚಿನ ಮೇಲಿಂದಲೇ ಅತ್ತೆ, "ಮೂರನೇ ಸಿಲಿಂಡರು ಉಸಿರು ಕಟ್ಟೈತೆ, ಸಾಬ್ರೇ" ಅಂದರು.

"ಅರೇ ಅಮ್ಮಾ, ಈ ಕೆಲಸದಲ್ಲೇ ಗಡ್ಡ ಬೆಳ್ಳಗಾಗಿದೆ ನಂದು!" ಎಂದು ನಗುತ್ತಲೇ ಸಾಬರು ಬಿಚ್ಚಿದರು. ಮೂರನೆಯದೇ! ತಲೆಯ ಟೋಪಿ ಸರಿಪಡಿಸಿಕೊಂಡು, "ಉಸ್ತಾದ್ ನೀವು. ನಾಳೆಯಿಂದ ಅಂಗಡಿ ಬಾಗಿಲು ನೀವೇ ತೆಗೀರಿ" ಎಂದರು.

ಇಂಥವರ ಮುಂದೆ ನಾನು ಹೊಸ ಟರ್ಬೊ ಕಾರು ತಂದು ನಿಲ್ಲಿಸಿದೆ. ನನ್ನ ಜಂಬ ಕೇಳಬೇಕೆ? ಪಾವಗಡದ ರಸ್ತೆಯಲ್ಲಿ, ಏರಿನಲ್ಲಿ ತೆವಳುತ್ತಿದ್ದ ಲಾರಿಯ ಹಿಂದೆ, "ಈಗ ನೋಡಿ ಅತ್ತೆ!" ಎಂದು ಆಕ್ಸಿಲರೇಟರ್ ಒತ್ತಿದೆ. ಏನೂ ಆಗಲಿಲ್ಲ. ಮರುಕ್ಷಣ ಯಾರೋ ಬೆನ್ನಿಗೆ ಒದ್ದಂತೆ ಕಾರು ನೆಗೆಯಿತು. ಅತ್ತೆಯ ಮುಡಿಯ ಮಲ್ಲಿಗೆ ಹಿಂದಿನ ಸೀಟಿಗೆ ಹೋಯಿತು!

ಅತ್ತೆ ಹೂವಿನ ಕಡೆ ತಿರುಗಿಯೂ ನೋಡಲಿಲ್ಲ. "ನನ್ನ ಕಾರು ತಾನಾಗೇ ಉಸಿರಾಡ್ತೈತೆ ಕಣ್ಲಾ. ಕಾಲು ಎಷ್ಟು ಇಟ್ರೆ ಅಷ್ಟು ಓಡ್ತೈತೆ. ನಿಂದು ಹಸಿ ಸೌದೆ ಒಲೆ, ಯಾರಾದ್ರೂ ಊದ್ಬೇಕು. ಮೊದ್ಲು ಬರೀ ಹೊಗೆ, ಆಮೇಲೆ ಧಗ್ ಅಂತ ಹುಬ್ಬು ಸುಡೋ ಉರಿ!"

ಎಂಜಿನ್ನಿಗೆ ಗಾಳಿ ಊದುವ ಈ ಟರ್ಬೊ ಎಂದರೇನೆಂದು ಕಾರು ಮಾರಿದವರು ನನಗೆ ಅರ್ಧ ದಿನ ವಿವರಿಸಿದ್ದರು. ಅರ್ಥವಾದದ್ದು ಆವತ್ತು.

ಹೋದ ವರ್ಷ ಒಂದು ಬೆಳಿಗ್ಗೆ ಮಾವ ಅಟ್ಟದಿಂದ ಹಂಡೆ ಇಳಿಸಲು ಹೋಗಿ ಸ್ಟೂಲಿನಿಂದ ಬಿದ್ದರು. ಮೊಣಕಾಲ ಕೆಳಗೆ ಮೂಳೆ ಮುರಿದಿತ್ತು. ಡಾಕ್ಟರು ಪಟ್ಟಿ ಕಟ್ಟಿ, ತುಮಕೂರಿಗೆ ಹೋಗಿ ಎಂದರು. ಅತ್ತೆಯ ಕಾರಿನಲ್ಲಿ ಕಾಲು ಚಾಚಲು ಜಾಗವಿಲ್ಲ. ನನ್ನ ಕಾರಿನ ಮುಂದಿನ ಸೀಟನ್ನು ಹಿಂದಕ್ಕೆ ತಳ್ಳಿ, ಒರಗಿಸಿ, ಮಾವನನ್ನು ಮಲಗಿಸಿದೆವು.

ಮಧುಗಿರಿ ದಾಟುವ ಮೊದಲೇ ಕಾರು ಎರಡು ಸಲ ನೆಗೆಯಿತು. ಎರಡು ಸಲವೂ ಮಾವ ಕಿರುಚಿದರು. ಯಾವತ್ತೂ ದನಿ ಎತ್ತದ ಮನುಷ್ಯ! ಕಾರನ್ನು ಬದಿಗೆ ನಿಲ್ಲಿಸಿದೆ.

"ಇಳಿ" ಎಂದರು, ಹಿಂದೆ ಕೂತಿದ್ದ ಅತ್ತೆ.

ಸ್ಟಿಯರಿಂಗ್ ಹಿಡಿದ ಎರಡು ಕಿಲೋಮೀಟರಿಗೆಲ್ಲ ಟರ್ಬೊದ ಆ ಗಾಳಿ ಎಲ್ಲಿ ಎಚ್ಚರಗೊಳ್ಳುತ್ತದೆ, ಎಲ್ಲಿ ಮಲಗುತ್ತದೆ ಎಂದು ಅವರಿಗೆ ತಿಳಿದುಹೋಗಿತ್ತು. ಏರು ಬರುವ ಮುಂಚೆಯೇ ಗೇರು ಇಳಿಸುತ್ತಿದ್ದರು. ಕಾಲು ಇಟ್ಟದ್ದೂ ಕಾಣದು, ತೆಗೆದದ್ದೂ ಕಾಣದು.

"ಒಂದೇ ಸಲ ಊದಬಾರದು, ಊದೋದು ನಿಲ್ಲಿಸಲೂಬಾರದು. ಮೆತ್ತಗೆ ಊದ್ತಾನೇ ಇರ್ಬೇಕು, ಅಷ್ಟೇ ಕಣ್ಲಾ" ಎಂದರು.

ನಾನು ಹಿಂದೆ ಬಾಯಿ ತೆರೆದು ಕೂತಿದ್ದೆ. ಇದು ನನ್ನದೇ ಕಾರೇ? ನೀರಿನ ಮೇಲೆ ತೆಪ್ಪ ಹೋದ ಹಾಗೆ ಹೋಗುತ್ತಿತ್ತು. ಕೊರಟಗೆರೆ ದಾಟುವಷ್ಟರಲ್ಲಿ ಮಾವನ ನರಳಾಟ ನಿಂತಿತು. ಗಾಬರಿಯಿಂದ ಬಗ್ಗಿ ನೋಡಿದೆ. ನಿದ್ದೆ ಹೋಗಿದ್ದರು!

ಆಸ್ಪತ್ರೆಯ ಬಾಗಿಲಲ್ಲಿ ಕಾರು ನಿಂತಿತು. ಮಾವನನ್ನು ಎಬ್ಬಿಸಲು ಹೋದೆ. ಅತ್ತೆ ಬೇಡವೆಂದು ತಲೆಯಾಡಿಸಿದರು. ಆಗ ಕಂಡಿತು, ಮಾವನ ಮುಷ್ಟಿಯಲ್ಲಿ ಅತ್ತೆಯ ಸೆರಗಿನ ತುದಿ.

"ಯಾವಾಗ ಹಿಡ್ಕೊಂಡ್ರು?"

"ನಾನು ಬಂದು ಕೂತಾಗ."

"ಗೇರ್ ಹಾಕುವಾಗ ಎಳೀತಿರಲಿಲ್ವಾ ಅತ್ತೆ?"

"ಎಳೀತಿತ್ತು" ಎಂದರು. ಸ್ಟ್ರೆಚರ್ ಬರುವವರೆಗೂ ಆ ಬೆರಳುಗಳನ್ನು ಬಿಡಿಸಲಿಲ್ಲ.