ಮೂರು ಸೂಜಿ, ಮೂರು ಭಾನುವಾರ

ಬಸವಕಲ್ಯಾಣದ ಗುರುಶಾಂತನ ಪಾತ್ರೆ ಅಂಗಡಿಯಿಂದ ಒಯ್ದ ಸ್ಟೀಲ್ ಕೊಡವನ್ನು ಯಶೋದಾಬಾಯಿ ಮರುದಿನವೇ ವಾಪಸು ತಂದಳು. ಕೊಡವೇನೂ ಸೋರುತ್ತಿರಲಿಲ್ಲ. ಮದುವೆಗೆ ಉಡುಗೊರೆ ಕೊಡುವ ಆ ಕೊಡದ ಕೊರಳಿಗೆ ಅವಳ ಹೆಸರು ಕೆತ್ತಬೇಕಾದಲ್ಲಿ ಗುರುಶಾಂತ ದುಂಡಗೆ ‘ವಿಜಯಶ್ರೀ’ ಎಂದು ಕೆತ್ತಿದ್ದ. (ಇದೇ ಹೆಸರಿನ ಎರಡು ಸೌಟು, ಒಂದು ತಂಬಿಗೆ ಆಗಲೇ ಊರೊಳಗೆ ಸಂಚಾರ ಹೊರಟಿದ್ದವು. ಕೊಂಡವರು ಇನ್ನೂ ನೋಡಿರಲಿಲ್ಲ.)

“ಯಾರೋ ಈಕಿ?”

“ನನ್ನ ಹೆಂಡ್ತಿರಿ.”

“ರೊಕ್ಕ ನಂದು, ಹೆಸರು ನಿನ್ನ ಹೆಂಡ್ತಿದ? ಜಲ್ದಿ ಆಕಿನ್ನ ಕರ್ಕೊಂಡು ಬಾರೋ ತಮ್ಮಾ. ಇಲ್ಲಂದ್ರ ಊರ ಭಾಂಡೆ ಎಲ್ಲಾ ಕೆಡಸ್ತಿ!”

ಕರೆತರುವುದು ಹೇಗೆ? ಮದುವೆಯಾದ ಮೊದಲ ಆಷಾಢ. ವಿಜಯಶ್ರೀ ಹುಮನಾಬಾದದ ಪಕ್ಕದ ಮಾಣಿಕನಗರದಲ್ಲಿ, ತವರಿನಲ್ಲಿದ್ದಳು. ಪಂಚಮಿ ಮುಗಿಯದೆ ಅವಳು ಬರುವಂತಿಲ್ಲ. ಆಷಾಢ ಮುಗಿಯದೆ ಅಳಿಯ ಅತ್ತೆಯ ಹೊಸ್ತಿಲು ತುಳಿಯುವಂತಿಲ್ಲ. ಅವಳು ಮರೆತುಹೋದ ಒಂದು ತಲೆಪಿನ್ನನ್ನು ಗುರುಶಾಂತ ಅಂಗಿಯ ಜೇಬಿನಲ್ಲಿಟ್ಟುಕೊಂಡಿದ್ದ. ಬಗ್ಗಿದಾಗ ಅದು ಎದೆಗೆ ಚುಚ್ಚುತ್ತಿತ್ತು. ಆತ ಬೇಕೆಂದೇ ಆಗಾಗ ಬಗ್ಗುತ್ತಿದ್ದ.

ಹೀಗಿರುವಾಗ ಒಂದು ಸುದ್ದಿ ಬಂತು. ಮಾಣಿಕನಗರದ ಶಾಲೆಯಲ್ಲಿ ಪ್ರತಿ ಭಾನುವಾರ ದೊಡ್ಡವರಿಗೂ ಲಸಿಕೆ ಹಾಕುತ್ತಾರಂತೆ. ಶಾಲೆ ಮಾವನ ಮನೆಯ ಎದುರಿಗೇ ಇತ್ತು. ಶಾಲೆಗೆ ಹೊಸ್ತಿಲಿತ್ತು, ನಿಜ. ಆದರೆ ಅದು ಅತ್ತೆಯದಲ್ಲ!

“ಅವ್ವಾ, ಈ ಸರ್ತಿ ಕಾಮಾಲಿ ಭಾಳ ಹರಡಾಕತ್ತದ,” ಎಂದು ಅಂದು ರಾತ್ರಿ ಊಟಕ್ಕೆ ಕೂತು ಶುರುಮಾಡಿದ. “ಟೈಫಾಯಿಡ್ ಬ್ಯಾರೆ. ಅಂಗಡ್ಯಾಗ ತಗಡಿನ ಪತ್ರಾ ಕೊಯ್ದ್ರ ಧನುರ್ವಾಯು. ಮೂರೂ ಲಸಿಕಿ ಹಾಕಿಸ್ಕೊಂಡು ಬರ್ತೀನಿ.”

“ಇಲ್ಲೇ ಕಲ್ಯಾಣದಾಗ ಡಾಕ್ಟರ್ ಇಲ್ಲೇನು?” ಎಂದಳು ತಾಯಿ ಲಲಿತಾಬಾಯಿ.

“ಮೂರೂ ಒಂದೇ ಕಡೆ ಆಗಬೇಕವ್ವಾ. ಎಲ್ಲಿ ಸುರು ಮಾಡ್ತೀವಿ ಅಲ್ಲೇ ಮುಗಸಬೇಕು. ಮತ್ತ ಒಂದೇ ದಿನ ಎಲ್ಲಾ ಹಾಕಿಸಬಾರದು. ರಕ್ತಕ್ಕ ದಮ್ಮು ಹತ್ತತದ. ವಾರಕ್ಕೊಂದು.”

ಈ ವೈದ್ಯಶಾಸ್ತ್ರ ರೊಟ್ಟಿ ಮುರಿಯುವಷ್ಟರಲ್ಲಿ ಹುಟ್ಟಿದ್ದು. ಆಷಾಢದಲ್ಲಿ ಉಳಿದಿದ್ದ ಭಾನುವಾರಗಳೂ ಮೂರೇ. ಮರುದಿನ ಮಾವ ವೈಜನಾಥನಿಗೆ ಫೋನು ಮಾಡಿ, ಅದೇ ಶಾಸ್ತ್ರವನ್ನು ಇನ್ನಷ್ಟು ಗಂಭೀರವಾಗಿ ಒಪ್ಪಿಸಿದ. ಆ ಮನೆಯೊಳಗಿದ್ದ ವಿಜಯಶ್ರೀಗೂ ಕೇಳಿಸಲೆಂದು ಗಟ್ಟಿಯಾಗಿ ಕೂಗಿಯೇ ಹೇಳಿದ.

ಭಾನುವಾರ ಇಸ್ತ್ರಿ ಅಂಗಿ ತೊಟ್ಟು, ಅತ್ತರು ಹಚ್ಚಿಕೊಂಡು ಮೊದಲ ಬಸ್ಸಿಗೇ ಹೊರಟ. (ಸೂಜಿಗೆ ಅತ್ತರಿನ ಅಗತ್ಯವಿಲ್ಲ.)

“ಇವತ್ತ ಧನುರ್ವಾಯುದ್ದೊಂದೇ ಸಾಕ್ರಿ,” ಎಂದ, ಶಾಲೆಯ ಸಾಲಿನಲ್ಲಿ ತನ್ನ ಸರದಿ ಬಂದಾಗ.

ಡಾಕ್ಟರ್ ಮಹಜಬೀನ್ ನಕ್ಕರು. “ಮೂರೂ ಇವತ್ತೇ ನಡೀತಾವ್ರಿ. ಬ್ಯಾರೆ ಬ್ಯಾರೆ ಜಾಗಕ್ಕ ಹಾಕ್ತೀನಿ. ಫಿಕರ್ ಬ್ಯಾಡ.”

“ಹಂಗಲ್ರಿ, ವಾರಕ್ಕೊಂದು ಆದ್ರ ನನಗ ಅನುಕೂಲ...”

“ಸೂಜಿ ಮ್ಯಾಲ ಇಷ್ಟು ಮೊಹಬ್ಬತ್ ಇರೋ ಮನಿಷನ್ನ ಇವತ್ತೇ ನೋಡಿದೆ. ತೋಳು ಏರಸ್ರಿ!”

ಸಾಲಿನವರೆಲ್ಲ ನಕ್ಕರು. ಗುರುಶಾಂತನ ಮೂರು ಭಾನುವಾರಗಳು ಕಣ್ಣೆದುರೇ ಎರಡು ತೋಳುಗಳೊಳಗೆ ಇಳಿದುಹೋದವು. ಕಾಮಾಲೆಯದೊಂದಕ್ಕೆ ಮಾತ್ರ ತಿಂಗಳ ಮೇಲೆ ಎರಡನೆಯ ಸೂಜಿ, ಆರು ತಿಂಗಳಿಗೆ ಮೂರನೆಯದು ಎಂದರು. ಅಷ್ಟರಲ್ಲಿ ವಿಜಯಶ್ರೀ ಕಲ್ಯಾಣದ ಮನೆಯಲ್ಲೇ ಇರುತ್ತಾಳೆ ಎಂದು ಸಮಾಧಾನ ಮಾಡಿಕೊಂಡು ತಿರುಗಿದ.

ಬೆಂಚಿನ ಮೇಲೆ ಅವಳೇ ಕೂತಿದ್ದಳು! ಹಸಿರು ಸೀರೆ, ತೋಳಿಗೆ ಒತ್ತಿಹಿಡಿದ ಹತ್ತಿ. ಪಕ್ಕದಲ್ಲಿ ಮಾವ.

“ಸೊರಗೀರಿ,” ಎಂದಳು ಮೆಲ್ಲಗೆ.

“ನೀನೂ,” ಎಂದ. ಬಸ್ಸಿನಲ್ಲಿ ಬಾಯಿಪಾಠ ಮಾಡಿಕೊಂಡು ಬಂದ ಉಳಿದ ಮಾತೆಲ್ಲ ಮರೆತುಹೋಗಿತ್ತು.

“ಅಳಿಯಂದ್ರ, ನಿಮ್ಮ ಮಾತು ಖರೇ ಅನಿಸ್ತು,” ಎಂದ ವೈಜನಾಥ. “ಈಕಿಗೂ ಕಾಮಾಲಿದು ಸುರು ಮಾಡಿಸಿಬಿಟ್ಟೆ. ಸುರು ಮಾಡಿದಲ್ಲೇ ಮುಗಸಬೇಕಲ್ಲ? ಎರಡನೇದು ಶ್ರಾವಣದಾಗ ನೂಲ ಹುಣ್ಣಿವಿಗೆ ಬರ್ತದ. ಅಷ್ಟು ದಿನ ಇದ್ದಾಕಿ, ಶ್ರಾವಣ ಮುಗಿಸಿಕೊಂಡೇ ಬರಲಿ. ಮೂರನೇದಕ್ಕ ಸಂಕ್ರಾಂತಿಗೆ ಮತ್ತ ಕರಸ್ತೀವಿ.”

ಅತ್ತ ಕಡೆಯಿಂದ ಡಾಕ್ಟರ್ ಕೂಗಿದರು: “ಎರಡನೇದು ಎಲ್ಲಿ ಹಾಕಿಸಿದ್ರೂ ನಡೀತದ್ರಿ ಕಾಕಾ!”

“ಹೌದ?” ಎಂದು ವೈಜನಾಥ ಅಳಿಯನ ಕಡೆ ತಿರುಗಿದ. “ಹಂಗಿದ್ರ ನೀವು ಕಲ್ಯಾಣ ಬಿಟ್ಟು ಇಲ್ಲಿತನಕ ಯಾಕ ಬಂದ್ರಿ?”

ಉತ್ತರ ಬೆಂಚಿನ ಮೇಲೆಯೇ ಕೂತಿತ್ತು, ಹಸಿರು ಸೀರೆ ಉಟ್ಟು. ಅದನ್ನು ಬಾಯಿಬಿಟ್ಟು ಹೇಳಿದರೆ ಮಾಣಿಕನಗರದ ಮಾನವೂ ಕಲ್ಯಾಣದ ಮಾನವೂ ಒಟ್ಟಿಗೇ ಹೋಗುತ್ತಿತ್ತು. ಗುರುಶಾಂತ ನೆಲ ನೋಡಿದ.

“ಇಲ್ರಿ ಮಾವಾ... ಸುರು ಮಾಡಿದಲ್ಲೇ ಮುಗಸೋದು ಚೊಲೋ.”

“ನೋಡ್ರಿ, ನಮ್ಮ ಅಳಿಯಂದ್ರ ತಿಳುವಳಿಕಿ!” ಎಂದು ವೈಜನಾಥ ಹಿಗ್ಗಿ, ಅಳಿಯನನ್ನು ಬಸ್ಸಿಗೆ ಕಳಿಸಲು ಆಟೋ ತರಲು ಹೋದ.

ವಿಜಯಶ್ರೀ ಸೆರಗಿನ ತುದಿ ತಿರುವುತ್ತ ಪಿಸುಗುಟ್ಟಿದಳು: “ಅಪ್ಪಗ ಹಟ ಮಾಡಿದಾಕಿ ನಾನೇರಿ. ನಿಮ್ಮ ಬಾಜೂಕ ಒಂದು ಗಳಿಗಿ ಕೂಡಬಹುದು ಅಂತ...”

ಆಟೋ ಬಂದೇಬಿಟ್ಟಿತು. ಅವಳು ಓಡಿಹೋಗಿ ಎದುರು ಮನೆಯ ಹೊಸ್ತಿಲೊಳಗೆ ನಿಂತಳು. ಆಟೋ ಹತ್ತಿದ ಗುರುಶಾಂತ ಕೈ ಬೀಸಲು ಹೋದ. ಎರಡೂ ತೋಳು ಮೇಲೇಳಲಿಲ್ಲ. ಕುತ್ತಿಗೆಯನ್ನಷ್ಟೇ ಅಲ್ಲಾಡಿಸಿದ.

ಮೊದಲ ಗುಂಡಿಯಲ್ಲಿ ಆಟೋ ಹಾರಿತು. ಡ್ರೈವರ್ ಮಕ್ಬೂಲ್ ಕನ್ನಡಿಯಲ್ಲಿ ನೋಡಿದ.

“ಏನ್ರಿ ಭಾಯ್, ಸೂಜಿಗೆ ಇಷ್ಟು ಅಳಾಕತ್ತೀರಿ?”

“ಮೂರು ಹಾಕ್ಯಾರ್ರಿ,” ಎಂದ ಗುರುಶಾಂತ, ಹಿಂದೆ ಸರಿಯುತ್ತಿದ್ದ ಹಸಿರನ್ನೇ ನೋಡುತ್ತ. “ಭಾಳ ಒಳಗ ಹೋಗ್ಯಾವ.”