ಬುತ್ತಿ ಕಟ್ಟಿದವರು ಯಾರು?

ನಮ್ಮ ಸೋದರತ್ತೆಗೆ ಒಂದಕ್ಷರವೂ ಬರುತ್ತಿರಲಿಲ್ಲ. ಆದರೂ ಭಾಲ್ಕಿಯಿಂದ ಔರಾದಿನವರೆಗೆ ಅವಳಷ್ಟು ನಿರ್ದಯ ವಿಮರ್ಶಕಿ ಇನ್ನೊಬ್ಬಳಿರಲಿಲ್ಲ! ಅಪ್ಪನ ಅಕ್ಕ, ಸಾಯಗಾಂವದ ನಮ್ಮ ಮನೆಯಲ್ಲಿ ಒಲೆಯ ಯಜಮಾನಿ.

ನಾನು ಬೀದರಿನಲ್ಲಿ ಉರ್ದುವಿನಲ್ಲಿ ಮೆಟ್ರಿಕ್ ಮುಗಿಸಿ ಬಂದಿದ್ದೆ. ಹೈದರಾಬಾದಿನ ಕಾಲೇಜಿಗೆ ಹೋಗುತ್ತೇನೆಂದು ನನ್ನ ಹಟ. ಹೊಲ ನೋಡಿಕೋ ಎಂದು ಅಪ್ಪನದು. ಅಷ್ಟರಲ್ಲಿ, ನನಗೆ ಕನ್ನಡ ಕಲಿಸಿದ ಮಠದ ಅಯ್ಯನವರು ಎರಡು ಸಣ್ಣ ಕಾದಂಬರಿ ಕೊಟ್ಟರು. ಎರಡರಲ್ಲೂ ನಾಯಕ ತನ್ನನ್ನು ತಾನೇ ಹುಡುಕುತ್ತಾನೆ. ಒಬ್ಬ ಏಳು ಅಡವಿ ದಾಟಿ, ಇನ್ನೊಬ್ಬ ಮಗ್ಗದ ಮುಂದೆ ಕುಳಿತಲ್ಲೇ. ಯಾವುದು ಮೇಲು? ಅತ್ತೆ ರೊಟ್ಟಿ ಬಡಿಯುವಾಗ ಮೊದಲನೆಯದನ್ನು ಅವಳಿಗೆ ಓದಿ ಹೇಳತೊಡಗಿದೆ.

“ತಡಿ. ಬುತ್ತಿ ಕಟ್ಟಿದೋರು ಯಾರು?”

“ಬರದಿಲ್ಲತ್ತಿ.”

“ಏಳು ಅಡವಿ ದಾಟ್ಯಾನ, ಒಂದು ರೊಟ್ಟಿ ತಿಂದಿಲ್ಲ? ಸುಳ್ಳ ಬರದಾನ!”

ನಾನು ಓದಿದವನಲ್ಲವೇ! ಬಿಡಿಸಿ ಹೇಳಿದೆ: “ಅಡವಿ ಅಂದ್ರ ಅಡವಿ ಅಲ್ಲತ್ತಿ, ಮನಸು.”

“ಮನಸಿಗಿ ಹಸಿವಿಲ್ಲೇನು?”

ಮರುದಿನ ಎರಡನೆಯದು. ಆ ಪುಣ್ಯಾತ್ಮ ಹನ್ನೆರಡು ವರ್ಷ ಮಗ್ಗ ಬಿಟ್ಟು ಎದ್ದೇ ಇಲ್ಲ.

“ಇವನ ಹೇಣ್ತಿ ಎಲ್ಲಿ?”

“ಕಥ್ಯಾಗ ಇಲ್ಲ.”

“ಅಡಗಿ ಮನ್ಯಾಗ ಅದಾಳ. ಬರದಾವಗ ಕಂಡಿಲ್ಲ!”

ಹೊರಗೆ ಕುಳಿತಿದ್ದ ಅಪ್ಪನಿಗೆ ಮಾತ್ರ ಈ ಪುಸ್ತಕ ಬಹಳ ಹಿಡಿಸಿಬಿಟ್ಟಿತು. “ನೋಡಕ್ಕಾ, ಮನ್ಯಾಗ ಕುಂತಾವಗೇ ಸಿಕ್ಕದ. ಇಂವಾ ಹೈದರಾಬಾದಿಗಿ ಯಾಕ ಹೋಗಬೇಕು?”

ಅತ್ತೆ ಹಿಟ್ಟಿನ ಕೈಯಲ್ಲೇ ಹೊರಗೆ ಬಂದಳು.

“ತಮ್ಮಾ, ಹೋದಾವಗೂ ರೊಟ್ಟಿ ಬೇಕು, ಕುಂತಾವಗೂ ರೊಟ್ಟಿ ಬೇಕು. ಎರಡೂ ಕಡಿ ಬಡಿಯಾಕಿ ನಾನೇ. ಅಂದಮ್ಯಾಲ ಹೇಳಾಕಿನೂ ನಾನೇ. ಹೋಗಲಿ ಅಂವ!”

ಅಪ್ಪ ಮೀಸೆ ತೀಡಿಕೊಂಡು ಹೊಲದ ಕಡೆ ನಡೆದರು. ಇಂಥ ಸಾಹಿತ್ಯ ವಿಮರ್ಶೆಗೆ ಯಾರು ಎದುರಾಡುತ್ತಾರೆ? ಎಂಟನೆಯ ದಿನ ಖಡಕ್ ರೊಟ್ಟಿ, ಶೇಂಗಾ ಚಟ್ನಿಯ ಗಂಟು ನನಗಿಂತ ಮೊದಲೇ ಗಾಡಿ ಹತ್ತಿ ಕುಳಿತಿತ್ತು!

ಮನೆತನದಲ್ಲೇ ಮೊದಲ ಪದವೀಧರ ನಾನು. ಇದನ್ನು ನಾಲ್ಕು ಜನಕ್ಕೆ ಹೇಳದಿದ್ದರೆ ನನಗೆ ಇಂದಿಗೂ ಉಂಡ ಅನ್ನ ಮೈಗೆ ಹತ್ತುವುದಿಲ್ಲ. ಪದವಿಯ ಸನದು ತಂದ ದಿನ ಅತ್ತೆ ಕೈತೊಳೆದು, ಸೆರಗಿಗೆ ಒರೆಸಿಕೊಂಡು ಮುಂದೆ ಕುಳಿತಳು. “ಏನು ಬರದಾರ, ಓದು.”

ಓದಿದೆ. ನನ್ನ ಹೆಸರು. ಅಪ್ಪನ ಹೆಸರು. ಸಹಿ ಹಾಕಿದ ಸಾಹೇಬರ ಹೆಸರು.

ಮುಗಿಯಿತು. ಈಗ ಬುತ್ತಿ ಕಟ್ಟಿದವರ ಹೆಸರು ಕೇಳುತ್ತಾಳೆ ಎಂದು ಕಾದೆ. ಅತ್ತೆ ಕೇಳಲಿಲ್ಲ. ತಲೆದೂಗಿ ಏಳಲು ಹೊರಟಳು.

ಕೈಹಿಡಿದು ಕೂರಿಸಿದೆ. ಸನದನ್ನು ಬೋರಲು ಹಾಕಿ, ಹಿಂದುಗಡೆ ಕನ್ನಡದಲ್ಲಿ ದಪ್ಪಕ್ಷರದಿಂದ ಅವಳ ಹೆಸರು ಬರೆದು ಓದಿ ಹೇಳಿದೆ.

ಅತ್ತೆ ಆ ಅಕ್ಷರಗಳ ಮೇಲೆ ಮೆಲ್ಲಗೆ ಬೆರಳಾಡಿಸಿದಳು.

“ಇನ್ನೊಮ್ಮಿ ಓದಪ್ಪಾ,” ಎಂದಳು.